ಕೆಂಚಿಯ ಎಡಪಕ್ಕೆ, ಅವ್ವನ ಎಡಗೈ

ಅಜ್ಜೀ,

ನೀನು ಹೋಗಿ ಮೂರು ವರ್ಷವಾದರೂ ಇದನ್ನು ನಿನಗೆ ಹೇಳದೆ ನನಗೆ ಅನ್ನ ಇಳಿಯುತ್ತಿಲ್ಲ! ಸೇಲಂನಲ್ಲಿ ನಾನು ಕೆಲಸಕ್ಕಿರುವ ಕ್ರೀಮು, ಪೌಡರಿನ ಅಂಗಡಿಗೆ ಹೊಸದೊಂದು ಕ್ರೀಮು ಬಂದಿದೆ. ಅದರಲ್ಲಿ ಪೆಪ್ಟೈಡ್ ಇದೆಯಂತೆ, ಪ್ರೋಟೀನಿನ ಸಣ್ಣ ಚೂರು ಅಂದುಕೋ. ಅದರಿಂದ ಸುಕ್ಕು ಹೋಗುತ್ತದೆ ಎಂದು ಬಂದವರಿಗೆಲ್ಲ ನಾನೇ ಹೇಳಬೇಕಂತೆ. ನನ್ನ ಮಾತು ನಂಬಿ ಬರುವ ಹೆಂಗಸರಿಗೆ ನನಗೇ ಗೊತ್ತಿಲ್ಲದ್ದನ್ನು ಹೇಗೆ ಹೇಳಲಿ?

ನೆನಪಿದೆಯಾ, ಕಾರಿಮಂಗಲಂ ಸಂತೆಯಿಂದ ನೀನು ಹಸಿರು ಮುಲಾಮು ತಂದದ್ದು? ಉಣ್ಣೆ ಕತ್ತರಿಸುವಾಗ ನಮ್ಮ ಕೆಂಚಿ ಕುರಿಗೆ ಎರಡೂ ಪಕ್ಕೆಯಲ್ಲಿ ಗಾಯವಾಗಿತ್ತು. ನೀನು ಬಲಪಕ್ಕೆಗೆ ಮಾತ್ರ ಹಚ್ಚಿದೆ. ನಾನು ಅಳುತ್ತಾ ನಿಂತಿದ್ದೆ.

"ಸುಮ್ಕಿರ್ಲೇ. ಎರಡ್ಕೂ ಅಚ್ಚಿದ್ರೆ, ವಾಸಿಯಾಗಿದ್ದು ಮದ್ದಿಂದ್ಲೋ ತಾನಾಗೋ, ಎಂಗ್ ಗೊತ್ತಾಯ್ತದೆ?" ಅಂದೆ ನೀನು.

ಎರಡೂ ಗಾಯ ಒಟ್ಟಿಗೇ ಮಾಯ್ದವು. "ಮಣ್ಣಾಂಗಟ್ಟಿ ಮರುಂದು!" ಎಂದು, ಮಣ್ಣುಂಡೆಯಂಥ ಮದ್ದೆಂದು ತಮಿಳಿನಲ್ಲೇ ಬೈದು, ನೀನು ಡಬ್ಬಿಯನ್ನು ತಿಪ್ಪೆಗೆಸೆದೆ.

ನಾಲ್ಕು ತಿಂಗಳ ಹಿಂದೆ ಕ್ರೀಮಿನ ಕಂಪನಿಯವರು ಬಂದಾಗ ನಿನ್ನ ಮಾತೇ ನನ್ನ ಬಾಯಿಗೆ ಬಂತು. ಅವರು ಫೋಟೋಗಳಲ್ಲಿ ತೋರಿಸಿದ್ದು ಹಚ್ಚುವ ಮುಂಚಿನ ಮುಖ, ಹಚ್ಚಿದ ಮೇಲಿನ ಮುಖ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶ. "ಇನ್ನೊಂದ್ ಪಕ್ಕೆ ಎಲ್ಲೈತೆ ಸಾರ್?" ಎಂದುಬಿಟ್ಟೆ! ಪೆಪ್ಟೈಡ್ ಇಲ್ಲದ ಸಾದಾ ಕ್ರೀಮಿನಿಂದಲೂ ಚರ್ಮ ನಯವಾಗುವುದಿಲ್ಲವೇ? ಅದನ್ನು ಪಕ್ಕದಲ್ಲಿಟ್ಟು ನೋಡದೆ ಇದು ಪೆಪ್ಟೈಡಿನದೇ ಗುಣ ಅನ್ನುವುದು ಹೇಗೆ? ಕಂಪನಿಯಾತ ಫೋಟೋಗಳನ್ನು ಎತ್ತಿಟ್ಟುಕೊಂಡ.

ಸರಿ, ನಾನೇ ನೋಡುತ್ತೇನೆಂದು ಅವ್ವನ ಬಲಗೈಗೆ ಪೆಪ್ಟೈಡ್ ಕ್ರೀಮು, ಎಡಗೈಗೆ ಸಾದಾ ಕ್ರೀಮು ಕೊಟ್ಟೆ. ಮೂರು ತಿಂಗಳು ಕಾದೆ. ಎರಡು ಕೈಯೂ ಒಂದೇ ಥರ! ಪೆಪ್ಟೈಡಿನ ಬಂಡವಾಳ ಬಯಲಾಯಿತೆಂದು ಕುಣಿದಾಡಿದೆ. ಅವ್ವ ಮೆಲ್ಲಗೆ ಅಂದಳು, "ಎಡಗೈ ಏನ್ ಪಾಪ ಮಾಡಿತ್ತು? ಅದ್ಕೂ ಒಳ್ಳೇದ್ನೇ ಅಚ್ತಿದ್ದೆ ಕಣೇ."

ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಕೆಂಚಿ ನೆನಪಾಗಿ ನಗುವುದನ್ನು ನಿಲ್ಲಿಸಿದೆ.

ಅಂಗಡಿಯ ಓನರ್ ಅಕ್ಕನಿಗೆ ಹೇಳಿದ್ದೇನೆ: ಚರ್ಮ ಮೆತ್ತಗಾಗುತ್ತದೆ ಅನ್ನುತ್ತೇನೆ, ಸುಕ್ಕಿನದು ಇನ್ನೂ ಗೊತ್ತಿಲ್ಲ ಅನ್ನುತ್ತೇನೆ, ಬೇಡವೆಂದರೆ ಬೇರೆಯವರನ್ನು ನಿಲ್ಲಿಸಿ. ಅಕ್ಕ ಮುಖ ಗಂಟಿಕ್ಕಿದರು, ಆದರೆ ಬೇಡ ಅನ್ನಲಿಲ್ಲ. ನಾಳೆಯಿಂದ ಮತ್ತೆ ಶುರು. ಈ ಸಲ ಹೆಸರಿಲ್ಲದ ಎರಡು ಡಬ್ಬಿ. ಯಾವುದರಲ್ಲಿ ಏನಿದೆಯೆಂದು ಅವ್ವನಿಗೂ ಗೊತ್ತಿರುವುದಿಲ್ಲ, ನನಗೂ ಗೊತ್ತಿರುವುದಿಲ್ಲ. ತುಂಬಿಕೊಡುವ ಪಕ್ಕದ ಮನೆಯವರಿಗೆ ಮಾತ್ರ ಗೊತ್ತು.

ಇನ್ನೊಂದು ಮಾತು. ನೀನು ಹಟ್ಟಿಯಿಂದ ಆಚೆ ಹೋದಾಗಲೆಲ್ಲ ಕೆಂಚಿಯ ಎಡಪಕ್ಕೆಗೂ ನಾನು ಮುಲಾಮು ಹಚ್ಚುತ್ತಿದ್ದೆ. ನೀನು ತಿಪ್ಪೆಗೆಸೆದದ್ದು ಒಳ್ಳೆಯ ಮದ್ದೇ ಇದ್ದಿರಬಹುದು, ಅಜ್ಜೀ.

ನಿನ್ನ ಕಳ್ಳ ಮೊಮ್ಮಗಳು