ಮಾರ್ಕನ ಕೊನೆಯ ಎಂಟು ಹಾಳೆಗಳು

ಥೆಸಲೊನೀಕಿ,
ಲೋಕ ಸೃಷ್ಟಿಯಾದ 6640ನೆಯ ವರ್ಷ, ನವೆಂಬರ್ 4

ಪ್ರೀತಿಯ ಅಪ್ಪಾ,

ಊರಿಗೆ ನಿಕಿತಾಸ್ ಆಗಿದ್ದ ನೀವು ಪವಿತ್ರ ಪರ್ವತದಲ್ಲಿ ಈಗ ನಿಕೋನ್ ಸ್ವಾಮಿಗಳು. ಆದರೆ ಆ ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಹೊರಳುವುದಿಲ್ಲ, ಕ್ಷಮಿಸಿ. ಆರೋಗ್ಯ ಹೇಗಿದೆ? ಕೆಮ್ಮು ಇಳಿಯಿತೇ? ಮಠದ ಮೆಟ್ಟಿಲು ಹತ್ತುವಾಗ ಮಂಡಿ ಹಿಡಿದುಕೊಳ್ಳುತ್ತದೆ ಎಂದು ದೋಣಿಯವನ ಬಳಿ ಹೇಳಿ ಕಳಿಸಿದ್ದಿರಿ. ಅವನ ಕೈಯಲ್ಲೇ ಎಣ್ಣೆ ಕಳಿಸುತ್ತಿದ್ದೇನೆ. ಮಂಡಿಗೇ ಹಚ್ಚಿಕೊಳ್ಳಿ, ಭಕ್ತಿ ಹೆಚ್ಚಾಗಿ ದೀಪಕ್ಕೆ ಸುರಿದುಬಿಡಬೇಡಿ. ಕಣ್ಣಿನ ವಿಷಯ ನಾನು ಕೇಳುವುದಿಲ್ಲ. ಕೈ ಚಾಚಿ ದೂರ ಹಿಡಿದರೆ ನೀವೇ ಓದಿಕೊಳ್ಳಬಹುದು ಎಂದು ಇಷ್ಟು ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಕಾಗದವೆಲ್ಲ ದಂಡ ಎಂದು ನಿಮ್ಮ ಅಳಿಯ ಗೊಣಗಿದರು. ಚರ್ಮ ಹದ ಮಾಡುವುದರಲ್ಲಿ ಎಷ್ಟು ಧಾರಾಳವೋ ಕಾಗದದ ವಿಷಯದಲ್ಲಿ ಅಷ್ಟೇ ಜಿಪುಣರು ಅವರು. ಅಮ್ಮ ಹೋದ ದಿನಕ್ಕೆ ಗೋಧಿ ಬೇಯಿಸಿ, ದಾಳಿಂಬೆ ಬೆರೆಸಿ, ನೆರೆಹೊರೆಗೆಲ್ಲ ಹಂಚಿದೆವು. ನಿಮ್ಮ ಪಾಲಿನ ಬೊಗಸೆಯನ್ನು ನಾನೇ ತಿಂದೆ.

ಈಗ ಸುದ್ದಿ. ಪುಸ್ತಕ ಮುಗಿಯಿತು ಅಪ್ಪಾ. ನೀವು ಮತ್ತಾಯ, ಮಾರ್ಕ ಎರಡನ್ನು ಬರೆದು, ಇನ್ನು ನನ್ನ ಕಣ್ಣಿಂದಾಗದು ಎಂದು ಲೇಖನಿ ಕೆಳಗಿಟ್ಟು ಹೋದ ಆ ಸುವಾರ್ತೆಯ ಪುಸ್ತಕಕ್ಕೆ ಲೂಕನನ್ನೂ ಯೋಹಾನನನ್ನೂ ನಾನು ಬರೆದು ಸೇರಿಸಿದೆ. ಪೂರಾ ಎರಡು ವರ್ಷ ಹಿಡಿಯಿತು. ಯೋಹಾನನಿಗೆ ಹಾಳೆ ಮಾಡಲು ಚರ್ಮ ಸಾಲದೆ, ಊರು ಮಾಂಸ ಬಿಟ್ಟ ಉಪವಾಸದ ನಲವತ್ತು ದಿನ ಕೈಕಟ್ಟಿ ಕೂತೆ. ಪಾಸ್ಕ ಹಬ್ಬದಲ್ಲಿ ಊರೆಲ್ಲ ಕುರಿಮರಿ ತಿಂದ ಮೇಲೆ ನಮ್ಮ ಅಂಗಳದಲ್ಲಿ ಚರ್ಮದ ಸುಗ್ಗಿಯೋ ಸುಗ್ಗಿ. ಅಕ್ಷರ ಗೆರೆಯ ಮೇಲೆ ಕೂರಬಾರದು, ಬಳ್ಳಿಯಿಂದ ದ್ರಾಕ್ಷಿ ಇಳಿಬಿದ್ದ ಹಾಗೆ ಗೆರೆಯಿಂದ ಇಳಿಬಿದ್ದಿರಬೇಕು ಎಂದು ನೀವು ನನ್ನ ಬೆರಳ ಗಂಟಿಗೆ ಕಡ್ಡಿಯಲ್ಲಿ ಹೊಡೆದು ಕಲಿಸಿದ್ದಿರಲ್ಲ, ಹಾಗೇ ಬರೆದಿದ್ದೇನೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಗಬೇಡಿ. ಅದನ್ನು ಮೆಚ್ಚಿದವರು ಬೇರೆಯವರು.

ಹೋಗುವಾಗ ನೀವು ಒಂದು ಮಾತು ಹೇಳಿದ್ದಿರಿ: ಮಾರ್ಕನ ಕೊನೆಯ ಎಂಟು ಹಾಳೆ ಕಿತ್ತುಹಾಕಿ ಹೊಸದಾಗಿ ಬರೆ ಎಂದು. ಆ ಒಂದು ಮಾತನ್ನು ನಾನು ನಡೆಸಲಿಲ್ಲ. ಆ ಹಾಳೆಗಳನ್ನು ನೀವು ಬರೆದದ್ದು ಅಮ್ಮನ ಹಾಸಿಗೆಯ ಪಕ್ಕದಲ್ಲಿ ಕೂತು. ಸಾಲು ಅಲುಗಿದೆ, ಶಾಯಿ ಎರಡು ಕಡೆ ಹರಡಿದೆ, ನಿಜ. ಆದರೆ ಒಂದಕ್ಷರ ತಪ್ಪಿಲ್ಲ. ಮೂಲ ಪ್ರತಿಯ ಜೊತೆ ಮೂರು ಸಲ ಇಟ್ಟು ನೋಡಿದ್ದೇನೆ. ಅಂಥ ಹಾಳೆಯನ್ನು ಕಿತ್ತರೆ ನನ್ನ ಕೈ ಸೇದಿಹೋಗುತ್ತಿತ್ತು.

ಅದೇ ನನಗೆ ಕುತ್ತಿಗೆಗೆ ಬಂತು. ಪುಸ್ತಕ ಬರೆಸಿದ ದೇವಾಲಯದ ಭಂಡಾರಿ ಲಿಯೊಂತಿಯೊಸ್ ಹೋದ ವಾರ ನೋಡಲು ಬಂದರು. ಹೆಂಗಸು ಮುಗಿಸಿದ್ದಾಳೆ ಎಂದು ಯಾರೋ ಊದಿದ್ದರಂತೆ. ಗುರುಗಳ, ಅಂದರೆ ನಿಮ್ಮ, ಮಟ್ಟಕ್ಕಿಂತ ಒಂದು ಹಾಳೆ ಇಳಿದಿದ್ದರೂ ಪುಸ್ತಕ ಬೇಡ ಎಂದು ಮೊದಲೇ ಹೇಳಿಬಿಟ್ಟರು. ವಾಪಸು ಬಂದರೆ ನಮ್ಮ ಮನೆಯ ಲೇಖನಿಯನ್ನು ಮತ್ತೆ ಯಾರು ನಂಬುತ್ತಿದ್ದರು? ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಹಾಳೆ ತಿರುಗಿಸಿದರು. ಮಾರ್ಕನ ಕೊನೆಗೆ ಬಂದಾಗ ಬೆರಳು ನಿಂತಿತು.

“ಇಲ್ಲೇ ನೋಡಮ್ಮ, ಇಲ್ಲಿಂದ ನಿನ್ ಕೈ. ಸಾಲೇ ನೆಟ್ಟಗಿಲ್ಲ, ಕುಡಿದವರು ನಡೆದಂಗಿದೆ,” ಎಂದರು. ಆಮೇಲೆ ಲೂಕನನ್ನು ತೆರೆದು ಮುಖ ಅರಳಿಸಿ, ಇದಪ್ಪಾ ಬರಹ, ಗುರುಗಳು ಮತ್ತೆ ಕೂತು ಬರೆದಿದ್ದಾರೆ ಎಂದರು.

ನಗುವುದೋ ಅಳುವುದೋ ತಿಳಿಯಲಿಲ್ಲ ಅಪ್ಪಾ. ಲೂಕನೂ ಯೋಹಾನನೂ ನನ್ನವೇ ಎಂದೆ. ನಂಬಲಿಲ್ಲ. ಅವರ ಕಣ್ಣೆದುರೇ ಒಂದು ಚರ್ಮದ ಚೂರಿನ ಮೇಲೆ ಲೂಕನ ಮೊದಲ ಸಾಲು ಬರೆದು ಪಕ್ಕಕ್ಕಿಟ್ಟೆ. ಅದನ್ನೂ ಇದನ್ನೂ ನೋಡಿ ನೋಡಿ, ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಕೊನೆಗೆ, “ಹಾಗಾದ್ರೆ ಆ ಎಂಟು ಹಾಳೆ ಯಾರದು?” ಎಂದು ಕೇಳಿದರು.

“ಅದೂ ನಂದೇ ಸ್ವಾಮಿ. ಆಗಿನ್ನೂ ಕೈ ಪಳಗಿರ್ಲಿಲ್ಲ,” ಎಂದೆ.

ಅದಕ್ಕೆ ಅವರು, ಕಲಿಯುವವರ ಎಂಟು ಹಾಳೆಗೆ ಇಂಥ ಲೂಕನನ್ನು ಬಿಡುವಷ್ಟು ಮೂರ್ಖ ನಾನಲ್ಲ ಎಂದು ಪುಸ್ತಕ ಒಪ್ಪಿಕೊಂಡರು. ಹಬ್ಬದ ದಿನ ಅದನ್ನು ತಲೆಯ ಮೇಲೆತ್ತಿ ಜನರ ನಡುವೆ ತರುತ್ತಾರೆ, ಊರೇ ಬಾಗಿ ಮುತ್ತಿಡುತ್ತದೆ. ನನಗೆ ಹೆಮ್ಮೆಯಾಗಿದೆ. ಹೆಮ್ಮೆ ಪಾಪ ಎಂದು ನೀವು ಅಲ್ಲಿಂದ ಹೇಳಿಕಳಿಸುತ್ತೀರಿ. ಕಳಿಸಿ, ಕೇಳಿಕೊಂಡು ಇನ್ನೂ ಸ್ವಲ್ಪ ಬೀಗುತ್ತೇನೆ. ನೀವಿರುವ ಬೆಟ್ಟಕ್ಕೆ ಹೆಂಗಸರ ಕಾಲು ಸೋಕಬಾರದು. ನನ್ನ ಅಕ್ಷರಕ್ಕೆ ಆ ಕಟ್ಟಳೆಯಿಲ್ಲ, ಆದ್ದರಿಂದ ಅದೇ ಬಂದು ನಿಮ್ಮ ಕಾಲಿಗೆ ಬೀಳುತ್ತಿದೆ.

ಮಠದ ಹಿರಿಯರಿಗೆಲ್ಲ ನಮ್ಮಿಬ್ಬರ ನಮಸ್ಕಾರ. ಉಪವಾಸವನ್ನು ವಯಸ್ಸಿಗೆ ತಕ್ಕಷ್ಟೇ ಮಾಡಿ.

ನಿಮ್ಮ ಮಗಳು,
ಆಂಥೂಸಾ

ತಾ.ಕ.: ದೋಣಿಯವನು ಬಾಗಿಲಲ್ಲೇ ನಿಂತು ಅವಸರ ಮಾಡುತ್ತಿದ್ದಾನೆ. ಪುಸ್ತಕದ ಕೊನೆಯಲ್ಲಿ ನಿಮ್ಮ ಹೆಸರೊಂದೇ ಇರಲಿ, ಅದಕ್ಕೇ ಬೆಲೆ ಎಂದು ಭಂಡಾರಿಗಳು ಹೇಳಿ ಹೋಗಿದ್ದರು. ತಲೆಯಾಡಿಸಿದೆ. ಆದರೆ ಈ ಪತ್ರ ಮುಗಿಸಿದ ರಾತ್ರಿ ಅಲ್ಲಿ ಬರೆದದ್ದು ಹೀಗೆ: “ತೊಡಗಿದವನು ನಿಕಿತಾಸ್. ಮಾರ್ಕನ ಕೊನೆಯ ಎಂಟು ಹಾಳೆಯನ್ನೂ ಅಲ್ಲಿಂದ ಮುಂದಿನದನ್ನೂ ಬರೆದವಳು ಅವನ ಮಗಳು ಆಂಥೂಸಾ.” ನಿನ್ನೆ ಅವರು ಅದನ್ನು ಓದಿದರು, ನನ್ನ ಮುಖ ನೋಡಿದರು, ಪುಸ್ತಕಕ್ಕೆ ಮುತ್ತಿಟ್ಟು ತೆಗೆದುಕೊಂಡು ಹೋದರು. ಆ ಎಂಟು ಹಾಳೆಯ ಮಾತು ಸುಳ್ಳು, ಅದೂ ಸುವಾರ್ತೆಯ ಪುಸ್ತಕದಲ್ಲಿ. ನನಗಾಗಿ ಪ್ರಾರ್ಥನೆ ಮಾಡಿ. ಕೂಡಲೇ ತೆಗೆದುಹಾಕು ಎಂದು ನೀವು ಹೇಳಿಕಳಿಸುತ್ತೀರೆಂದು ಬಲ್ಲೆ. ಹೊಸ ಶಾಯಿಯನ್ನು ಮೂರು ದಿನದೊಳಗೆ ಚಾಕುವಿನಿಂದ ಕೆರೆಯಬಹುದು, ಆಮೇಲೆ ಅದು ಚರ್ಮಕ್ಕೆ ಕಚ್ಚಿಬಿಡುತ್ತದೆ ಎಂದು ಕಲಿಸಿದವರು ನೀವೇ. ಅದಕ್ಕೇ ಈ ಪತ್ರವನ್ನು ಹತ್ತು ದಿನ ಪೆಟ್ಟಿಗೆಯಲ್ಲಿಟ್ಟಿದ್ದು, ಇವತ್ತು ಕಳಿಸುತ್ತಿದ್ದೇನೆ.