ಎರಡು ವಾಕ್ಯಗಳ ನಡುವೆ

ಮನೆ, ಮಹಡಿಯ ಕೋಣೆ
ಮಂಗಳವಾರ, ಮಾರ್ಚ್ ೧೨, ಬೆಳಿಗ್ಗೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಗಂಟಲ ಕೆರೆತ ಕಡಿಮೆಯಾಯಿತೇ? ಅತ್ತಿಗೆಯ ಮಂಡಿನೋವು ಹೇಗಿದೆ? ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು. ಆದರೆ ರಾತ್ರಿಯಿಡೀ ನಿದ್ದೆ ಮಾಡಿಲ್ಲ. ‘ಅಕ್ಷರ ನೋಡಿದರೆ ನಿನಗೇ ತಿಳಿಯುತ್ತದೆ’ ಎಂದು ಬರೆದು, ಆ ಸಾಲನ್ನು ಹೊಡೆದುಹಾಕಿದ್ದೇನೆ.

ನೀನು ಅಂಧರ ಗ್ರಂಥಾಲಯಕ್ಕಾಗಿ ಓದಿ ಕಳಿಸುವ ಅನುವಾದಿತ ಕಾದಂಬರಿಗಳಿಂದ ಕೆಮ್ಮು, ತೊದಲು, ಬೀದಿಯ ಹಾರ್ನ್ ಎಲ್ಲ ಕತ್ತರಿಸಿ ಒಪ್ಪ ಮಾಡುವ ಕೆಲಸವನ್ನು ಆರು ವರ್ಷದಿಂದ ಹೆಡ್‌ಫೋನನ್ನು ನೇರ ಕಂಪ್ಯೂಟರಿಗೆ ಸಿಕ್ಕಿಸಿಕೊಂಡೇ ಮಾಡುತ್ತ ಬಂದೆ. ಅದರಲ್ಲಿ ಸದಾ ಒಂದು ಸಣ್ಣ ಗುಂಯ್ ಸದ್ದು ಇರುತ್ತಿತ್ತು. ಶನಿವಾರ ಒಂದು ಡ್ಯಾಕ್ ತಂದೆ. ಕಂಪ್ಯೂಟರಿನೊಳಗಿನ ಅಂಕಿಗಳನ್ನು ಹೊರಗೆ ತಂದು ಸದ್ದಾಗಿಸುವ ಪೆಟ್ಟಿಗೆ, ಸೋಪಿನ ಡಬ್ಬಿಯಷ್ಟಿದೆ. ಅಂಗಡಿಯವನು, “ಸರ್, ಇದು ಹಾಕ್ಕೊಂಡ್ರೆ ಹಾಡೋರ ಮೂಗಿನ ಉಸಿರೂ ಕೇಳ್ಸುತ್ತೆ” ಎಂದ. “ನಿನಗೆ ಅದೊಂದು ಕೇಡು” ಎಂದು ನೀನು ಅಣಕಿಸುವುದು ಅಲ್ಲೇ ಕೇಳಿಸಿದಂತಾಗಿ ನಕ್ಕುಬಿಟ್ಟೆ.

ನಿನ್ನೆ ಈ ಸಲದ ಕಾದಂಬರಿಯ ಏಳನೆಯ ಅಧ್ಯಾಯ ಹಾಕಿದೆ. ಗುಂಯ್ ಇಲ್ಲ. ಧ್ವನಿ ಏರಿಸಿದೆ. ನೀನು ಒಂದು ವಾಕ್ಯ ಓದಿ ನಿಲ್ಲಿಸಿದೆ. ಆ ನಿಲುಗಡೆಯಲ್ಲಿ, ದೂರದಲ್ಲೆಲ್ಲೋ, ಒಂದು ಪಿಸುದನಿ ಮುಂದಿನ ವಾಕ್ಯ ಹೇಳಿತು. ಆಮೇಲೆ ನೀನು ಅದನ್ನೇ ಓದಿದೆ. ಪೆಟ್ಟಿಗೆಯದೇ ದೋಷವೆಂದು ನಾನು ತಂತಿ ಬಿಚ್ಚಿ ಮತ್ತೆ ಸಿಕ್ಕಿಸಿದೆ. ಮತ್ತೂ ಅದೇ. ಪ್ರತಿ ವಾಕ್ಯಕ್ಕೂ ಮೊದಲು ಅತ್ತಿಗೆಯ ದನಿ. ಉದ್ದನೆಯ ಪರದೇಶದ ಹೆಸರು ಬಂದರೆ ಎರಡು ತುಂಡು ಮಾಡಿ ಹೇಳಿಕೊಡುತ್ತಾರೆ. ಒಂದು ಕಡೆ, “ತಾಳ್ರೀ, ಪುಟ ತಿರುಗಿಸ್ತೀನಿ.” ಇನ್ನೊಂದು ಕಡೆ ನೀನು, ತೀರ ಮೆಲ್ಲಗೆ, “ಲೈಟ್ ಹಾಕೇ” ಎನ್ನುತ್ತೀಯ. “ಉರೀತಾನೇ ಇದೆ ರೀ” ಎನ್ನುತ್ತಾರೆ. ನಾನು ಧಡಕ್ಕನೆ ಎದ್ದ ರಭಸಕ್ಕೆ ತಂತಿ ಎಳೆದು ಪೆಟ್ಟಿಗೆ ನೆಲಕ್ಕೆ ಬಿತ್ತು.

ಅದನ್ನು ಎತ್ತಿ ಮತ್ತೆ ಸಿಕ್ಕಿಸಿ, ನೀನು ಕಳಿಸಿದ್ದ ಹಳೆಯ ರೆಕಾರ್ಡಿಂಗುಗಳನ್ನೆಲ್ಲ ತೆಗೆದು ಅಲ್ಲಲ್ಲಿ ಕೇಳಿದೆ. ಕಳೆದ ವರ್ಷ ಜನವರಿಯ ಮೊದಲ ವಾರದವರೆಗೆ ನೀನೊಬ್ಬನೇ. ಎರಡನೆಯ ವಾರದಿಂದ ಇಬ್ಬರು. ಹದಿನಾಲ್ಕು ತಿಂಗಳು, ಅಣ್ಣಾ! ಅಷ್ಟೂ ಕಾಲ ಆ ನಿಲುಗಡೆಗಳನ್ನು ನಿನ್ನ ಪ್ರೌಢಿಮೆ ಎಂದುಕೊಂಡಿದ್ದೆ. ತೀರ ಉದ್ದವಾದವನ್ನು ಗಿಡ್ಡ ಮಾಡುತ್ತಿದ್ದೆ, ಉಳಿದವನ್ನು ಗ್ರಂಥಾಲಯದ ಮೇಲ್ವಿಚಾರಕರ ಮುಂದೆ ಹೊಗಳಿದ್ದೆ: “ನಮ್ಮಣ್ಣ ಈಗ ಮೌನವನ್ನೂ ಓದ್ತಾನೆ.” ನೆನೆದರೆ ಭೂಮಿಗಿಳಿದು ಹೋಗುವಂತಾಗುತ್ತದೆ. ಹೋದ ವರ್ಷ ಕೇಳುಗರೊಬ್ಬರು “ಇಬ್ಬರೂ ಬಹಳ ಚೆನ್ನಾಗಿ ಓದುತ್ತಾರೆ” ಎಂದು ಬರೆಸಿ ಕಳಿಸಿದ್ದರು. ಬೇರೆ ಯಾವುದೋ ಪುಸ್ತಕದ ಮಾತೆಂದು ಮಡಿಸಿಟ್ಟುಬಿಟ್ಟೆ. ಅವರಿಗೆ ಕೇಳಿಸಿತ್ತು. ನನಗೆ ಮಾತ್ರ ಇಲ್ಲ.

ಗ್ರಂಥಾಲಯದವರು ಬೇರೆಯವರನ್ನು ಹುಡುಕಿಕೊಳ್ಳುತ್ತಾರೆಂದು ಮುಚ್ಚಿಟ್ಟೆಯಾ? ಅಥವಾ ನನ್ನಿಂದಲೇ? ಕರಡು ತಿದ್ದುವ ನೌಕರಿ ಬಿಟ್ಟಾಗ ನೀನು “ಬೇಜಾರಾಯ್ತು ಕಣೋ” ಎಂದೆ. ನಾನೂ ಒಂದು ಪ್ರಶ್ನೆ ಕೇಳದೆ ನಂಬಿದೆ. ಎದುರು ಕೂತು ಇದನ್ನು ಕೇಳುವ ಧೈರ್ಯ ನನಗಿಲ್ಲ, ಅದಕ್ಕೇ ಕಾಗದ. ಗುರುವಾರ ಬರುತ್ತೇನೆ. ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬರೋಣ. ಇಲ್ಲ ಎನ್ನಬೇಡ.

ಅತ್ತಿಗೆಗೆ ನಮಸ್ಕಾರ. ನಿನ್ನ ಗಂಟಲನ್ನು ನೋಡಿಕೋ.

ನಿನ್ನ ತಮ್ಮ

ವಿ.ಸೂ.: ಅತ್ತಿಗೆ, ಇದನ್ನು ಅವನಿಗೆ ಓದಿ ಹೇಳುತ್ತಿರುವುದು ನೀವೇ ಎಂದು ಗೊತ್ತು. ಲಕೋಟೆ ಅಂಟಿಸುವ ಮೊದಲು ಕಣ್ಣಿನ ಆಸ್ಪತ್ರೆಗೆ ಫೋನ್ ಮಾಡಿದೆ. ಗುರುವಾರಕ್ಕೆ ಹೆಸರು ಬರೆದುಕೊಂಡಾಕೆ “ಎಷ್ಟು ದಿನದಿಂದ ಹೀಗೆ?” ಎಂದು ಕೇಳಿದರು. ಹದಿನಾಲ್ಕು ತಿಂಗಳು ಎಂದೆ. ಆಕೆ “ಒಂದ್ನಿಮಿಷ ಇರಿ” ಎಂದರು. ಒಳಗೆ ಹೋಗಿ ಡಾಕ್ಟರನ್ನು ಕೇಳಿ ಬಂದು, “ಗುರುವಾರ ಬೇಡ, ಇವತ್ತೇ ಕರ್ಕೊಂಡ್ ಬನ್ನಿ. ಉಳಿದಿರೋದನ್ನಾದ್ರೂ ಉಳಿಸ್ಕೋಬಹುದೇನೋ” ಎಂದರು. ಹಾಗಾಗಿ ಇದನ್ನು ಅಂಚೆಗೆ ಹಾಕುತ್ತಿಲ್ಲ. ನಾನೇ ತಂದು, ಬಾಗಿಲಲ್ಲಿ ನಿಮ್ಮ ಕೈಗೆ ಕೊಟ್ಟು, ನೀವು ಇದನ್ನು ಓದುವ ಈ ಹೊತ್ತಿಗೆ ಕೆಳಗೆ ಕಾರಿನಲ್ಲಿ ಕೂತಿದ್ದೇನೆ. ಓದಿ ಮುಗಿಸಿದ ಮೇಲೆ ಅವನು “ನಾಳೆ ನೋಡೋಣ” ಅಂತಾನೆ. ಕಿವಿಗೆ ಹಾಕಿಕೊಳ್ಳಬೇಡಿ. ಕೈ ಹಿಡಿದು ಮೆಟ್ಟಿಲು ಇಳಿಸಿ. ಎಂಜಿನ್ ಆರಿಸಿಲ್ಲ.