ಗ್ಯಾರೇಜಿಗೆ ಹಾರಿದ ಗಿಣಿ

ಲೋರ್ನ್,

ಬೆಳಿಗ್ಗೆ ಏಳೂವರೆಗೆ ನನ್ನ ಕಂಪ್ಯೂಟರ್ ಮೂಕವಾಗಿತ್ತು. ನೀನು ಗಿಣಿ ಅನ್ನುವ, ಪರದೆ ಓದಿ ಹೇಳುವ ಆ ದನಿ ಇಲ್ಲದಿದ್ದರೆ ಕಣ್ಣು ಕಾಣದ ನನಗೆ ಅದು ಬರೀ ತಗಡು. ಗೊತ್ತಿದ್ದ ಕೀಗಳನ್ನೆಲ್ಲ ಒತ್ತಿದೆ, ಆಫ್ ಮಾಡಿ ಆನ್ ಮಾಡಿದೆ. ಕೊನೆಗೆ ಗೊತ್ತಾಯಿತು: ಒತ್ತಿದ ಪ್ರತಿ ಕೀಯನ್ನೂ ಅದು ಗ್ಯಾರೇಜಿನಲ್ಲಿ ನಿನ್ನ ಟ್ರಕ್ಕಿಗೆ ಓದಿ ಹೇಳುತ್ತಿತ್ತು.

ನಿನ್ನೆ ಸಂಜೆ ಹಾಕಿ ಪಂದ್ಯ ಕೇಳಲು ಅದನ್ನು ಗ್ಯಾರೇಜಿನ ನಿನ್ನ ಬ್ಲೂಟೂತ್ ಸ್ಪೀಕರಿಗೆ ಜೋಡಿಸಿ ಹಾಗೇ ಬಿಟ್ಟಿದ್ದೀಯ. "ಒಂದರ್ಧ ಗಂಟೆ ಕೊಡೇ ಓಡೆಟ್, ನಿನ್ನ ಗಿಣಿ ಎಲ್ಲೂ ಹಾರಿಹೋಗಲ್ಲ" ಅಂದಿದ್ದೆ ನೀನು. ಹಾರಿಹೋಗಿತ್ತು.

ಎಂಟಕ್ಕೆ ಪತ್ರಿಕೆಗೆ ಕಳಿಸಬೇಕಿದ್ದ ಪುರಸಭೆ ವರದಿ ತಪ್ಪಿತು. ಮುಖಪುಟದಲ್ಲಿ ನನ್ನ ಜಾಗಕ್ಕೆ ಹಿಮ ಬಿದ್ದ ಸುದ್ದಿ ಹೋಯಿತು.

ರಾತ್ರಿ ಪಾಳಿ ಮುಗಿಸಿ ಮಲಗಿದ್ದೀಯ ಅಂತ ಎಬ್ಬಿಸಲಿಲ್ಲ. ಬಟಾಣಿ ಸೂಪ್ ಒಲೆ ಮೇಲಿದೆ, ಬಿಸಿ ಮಾಡಿಕೋ. ನನ್ನ ಕಂಪ್ಯೂಟರ್ ಇನ್ನು ಮುಟ್ಟಬೇಡ.

ಸ್ಪೀಕರ್ ಹುಡುಕಬೇಡ. ಅದು ನನ್ನ ಚೀಲದಲ್ಲಿ ಆಫೀಸಿಗೆ ಹೊರಟಿದೆ.

ಓಡೆಟ್